ಬ್ಲೇಡು ತಿಂದ ಮೂರು ಮಿಲಿಮೀಟರ್: ಕಾರ್ಖಾನೆಯ ಲೆಕ್ಕಕ್ಕೆ ಹನ್ನೊಂದು ಸೂತ್ರಗಳು

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡು. ಗೋದಾಮಿಗೆ ರ‍್ಯಾಕ್ ಮಾಡಿಕೊಡುವ ಆರ್ಡರ್ ಬಂದಿತ್ತು. 2.6 ಮೀಟರಿನ ಕಂಬ 20, 1.7 ಮೀಟರಿನ ಅಡ್ಡಪಟ್ಟಿ 40 ಬೇಕು. ಚೌಕ ಪೈಪು ಬರುವುದು 6 ಮೀಟರ್ ಉದ್ದದಲ್ಲಿ. ಶೆಡ್ಡಿನ ರೂಢಿ ಏನೆಂದರೆ, ಮೊದಲು ಕಂಬಗಳನ್ನೆಲ್ಲ ಕೊಯ್ದು ಮುಗಿಸು, ಆಮೇಲೆ ಪಟ್ಟಿಗೆ ಕೈ ಹಾಕು. ಪೈಪಿಗೆ ಎರಡು ಕಂಬದಂತೆ 10 ಪೈಪು, ಪೈಪಿಗೆ ಮೂರು ಪಟ್ಟಿಯಂತೆ 14 ಪೈಪು, ಒಟ್ಟು 24.

ನಾನು ಲ್ಯಾಪ್‌ಟಾಪ್ ಬಿಚ್ಚಿದೆ. ಒಂದೇ ಪೈಪಿನಲ್ಲಿ ಒಂದು ಕಂಬ, ಎರಡು ಪಟ್ಟಿ ತೆಗೆದರೆ 2.6 + 1.7 + 1.7 = 6. ಚೂರೂ ವೇಸ್ಟಿಲ್ಲ! 20 ಪೈಪಿಗೆ ಆರ್ಡರ್ ಮುಗಿಯಿತು, ನಾಲ್ಕು ಪೈಪು ಉಳಿಯಿತು. ಬೀಗುತ್ತಲೇ ಚೀಟಿ ಬರೆದು ಕಟಿಂಗ್ ಮಷಿನ್ ಮೇಲಿದ್ದ ಹಿರಿಯರ ಕೈಗಿಟ್ಟೆ. ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು.

“ಸಾರ್, ಬ್ಲೇಡು ಗಾಳಿ ತಿನ್ನಲ್ಲ, ಕಬ್ಬಿಣ ತಿನ್ನುತ್ತೆ.”

ಒಂದು ಕೊಯ್ತಕ್ಕೆ 3 ಮಿಲಿಮೀಟರ್. ಎರಡು ಕೊಯ್ತಕ್ಕೆ 6. ನನ್ನ ಲೆಕ್ಕದಂತೆ ಹೋಗಿದ್ದರೆ ಪ್ರತಿ ಪೈಪಿನ ಕೊನೆಯ ಪಟ್ಟಿ 1,700ರ ಬದಲು 1,694 ಮಿಲಿಮೀಟರ್ ಆಗುತ್ತಿತ್ತು. ಅಂಥ 20 ತುಂಡು ಗುಜರಿಗೆ ಹೋಗುತ್ತಿದ್ದವು. ಆ ನಾಲ್ಕು ಪೈಪು ಕೊನೆಗೆ ಹೇಗೆ ವಾಪಸ್ ಬಂದವು ಎಂಬುದು ಒಂಬತ್ತನೇ ಸೂತ್ರದಲ್ಲಿದೆ. ಅಲ್ಲಿಯವರೆಗೆ, ಗಣಿತದ ಮಾದರಿ ಕಟ್ಟಿ ಕಾರ್ಖಾನೆಯ ಸಮಸ್ಯೆ ಬಿಡಿಸಲು ಹೊರಟವರಿಗೆ ಎಂಟು ಮಾತು.

1. ಮೊದಲು ಶೂ ಸವೆಯಲಿ, ಆಮೇಲೆ ಕೀಬೋರ್ಡ್

ಸಮಸ್ಯೆ ಇಮೇಲ್‌ನಲ್ಲಿ ಬಂದಿದ್ದರೂ ಅದು ವಾಸವಿರುವುದು ಶೆಡ್ಡಿನಲ್ಲಿ. ಕನಿಷ್ಠ ಒಂದು ಪೂರ್ತಿ ಶಿಫ್ಟ್ ಅಲ್ಲಿ ನಿಲ್ಲಿ. ಕ್ರೇನ್ ಎಷ್ಟಿದೆ, ಡೈ ಬದಲಿಸಲು ಎಷ್ಟು ಹೊತ್ತು, ಯಾವ ಸರಕಿನ ಹಿಂದೆ ಯಾವುದು ಸಿಕ್ಕಿಕೊಂಡಿದೆ, ಯಾವ ಮಷಿನ್ ಕೆಟ್ಟರೆ ಎಲ್ಲರೂ ಟೀ ಕುಡಿಯಲು ಹೋಗುತ್ತಾರೆ, ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳಿ.

ಈ ವಿದ್ಯೆ ಹುಟ್ಟಿದ್ದೂ ಹಾಗೆಯೇ. 1938ರಲ್ಲಿ ಲೆನಿನ್‌ಗ್ರಾಡ್‌ನ ಪ್ಲೈವುಡ್ ಟ್ರಸ್ಟಿನವರು ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಬಳಿ ಹೋದರು. ಒಂದೊಂದು ಮಷಿನ್ ಒಂದೊಂದು ಬಗೆಯ ಮರವನ್ನು ಒಂದೊಂದು ವೇಗದಲ್ಲಿ ಸುಲಿಯುತ್ತದೆ, ಯಾವುದಕ್ಕೆ ಯಾವ ಕೆಲಸ ಹಂಚಬೇಕು ಎಂಬುದು ಅವರ ಪ್ರಶ್ನೆ. ಆತ ಅದನ್ನು ಬಿಡಿಸುತ್ತಾ ಹೋಗಿ, ಉಳಿದ ಕಾರ್ಖಾನೆಗಳ ಸಮಸ್ಯೆಯೂ ಇದೇ ಅಚ್ಚಿನದು ಎಂದು ಕಂಡುಕೊಂಡ. 1939ರಲ್ಲಿ ಅದನ್ನು ಪುಟ್ಟ ಪುಸ್ತಕವಾಗಿ ಬರೆದ. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಲೀನಿಯರ್ ಪ್ರೋಗ್ರಾಮಿಂಗ್ ಎಂದು ನಾವು ಓದುವ ಪಾಠದ ಬೇರಿನಲ್ಲಿ ಮರದ ಸಿಪ್ಪೆಯ ವಾಸನೆಯಿದೆ.

2. ಮೂರು ಪ್ರಶ್ನೆ, ಒಂದು ಹಾಳೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಕೋಡ್ ಬರೆಯುವ ಮೊದಲು ಮೂರು ಪ್ರಶ್ನೆಗೆ ಒಂದೇ ಹಾಳೆಯಲ್ಲಿ ಉತ್ತರ ಬರೆಯಿರಿ.

ನಮ್ಮ ಕೈಯಲ್ಲಿರುವುದು ಏನು? (ಯಾವ ಪೈಪನ್ನು ಹೇಗೆ ಕೊಯ್ಯಬೇಕು ಎಂಬ ನಿರ್ಧಾರ.) ನಮಗೆ ಬೇಕಿರುವುದು ಏನು? (ಪೈಪಿನ ಸಂಖ್ಯೆ ಕಡಿಮೆಯಾಗಬೇಕು.) ನಮ್ಮನ್ನು ತಡೆಯುವುದು ಏನು? (ಪೈಪಿನ ಉದ್ದ, ಆರ್ಡರಿನ ಸಂಖ್ಯೆ.)

ಪಠ್ಯಪುಸ್ತಕ ಇವನ್ನು ಚರಾಂಶ, ಗುರಿ, ನಿರ್ಬಂಧ ಎನ್ನುತ್ತದೆ. ನಮ್ಮ ಅಜ್ಜಿಯರು ಮೂರನ್ನೂ ಒಂದೇ ಮಾತಿನಲ್ಲಿ ಮುಗಿಸಿದ್ದರು: ಹಾಸಿಗೆ ಇದ್ದಷ್ಟು ಕಾಲು ಚಾಚು. ಕಾಲು ಚಾಚುವುದು ನಿರ್ಧಾರ, ಆರಾಮ ಗುರಿ, ಹಾಸಿಗೆ ನಿರ್ಬಂಧ. ನಿಮ್ಮ ಹಾಳೆಯನ್ನು ಶೆಡ್ಡಿನವರಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದಿದ್ದರೆ ನಿಮಗೂ ಇನ್ನೂ ಅರ್ಥವಾಗಿಲ್ಲ.

3. ಗುರಿಯನ್ನು ಒಂದೇ ವಾಕ್ಯದಲ್ಲಿ ಹೇಳಿ

ಸೇಲ್ಸ್‌ನವರಿಗೆ ಎಲ್ಲ ಮಾಲೂ ಸದಾ ಸ್ಟಾಕ್ ಇರಬೇಕು. ಅಕೌಂಟ್ಸ್‌ನವರಿಗೆ ಸ್ಟಾಕೇ ಇರಬಾರದು. ಪ್ರೊಡಕ್ಷನ್‌ನವರಿಗೆ ಒಂದೇ ಮಾಲು ವಾರವಿಡೀ ಓಡಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಮೂರನ್ನೂ ಗುರಿ ಎಂದು ತುಂಬಿದರೆ ಕಂಪ್ಯೂಟರ್ ಏನೋ ಒಂದು ಉತ್ತರ ಕೊಡುತ್ತದೆ, ಅದನ್ನು ಯಾರೂ ಒಪ್ಪುವುದಿಲ್ಲ. ಒಂದನ್ನು ಗುರಿ ಮಾಡಿ, ಉಳಿದವನ್ನು ಷರತ್ತಿಗೆ ಇಳಿಸಿ. “ಖರ್ಚು ಆದಷ್ಟು ಕಡಿಮೆ, ಆದರೆ ಗುರುವಾರ ಸಂಜೆಗೆ ಲಾರಿ ಲೋಡ್ ಆಗಿರಲೇಬೇಕು.”

ಗುರಿಯ ಮಾತನ್ನು ತೂಗಿ ಆಡಿ, ಏಕೆಂದರೆ ಕಂಪ್ಯೂಟರ್ ಅದನ್ನು ಅಕ್ಷರಶಃ ಪಾಲಿಸುತ್ತದೆ. ಆರ್ಡರಿನಲ್ಲಿ ಬರೀ 20 ಕಂಬ ಇದೆ ಎಂದುಕೊಳ್ಳಿ. ಬ್ಲೇಡಿನ ದಪ್ಪವನ್ನು ಸದ್ಯಕ್ಕೆ ಬಿಟ್ಟು “ವೇಸ್ಟ್ ಸೊನ್ನೆಯಾಗಲಿ” ಎಂದು ಹೇಳಿದರೆ ಅದು 10 ಪೈಪಿನ ಬದಲು 20 ಪೈಪು ಕೊಯ್ಯುತ್ತದೆ, ಯಾರಿಗೂ ಬೇಡದ 40 ಪಟ್ಟಿ ಗುಡ್ಡೆ ಹಾಕುತ್ತದೆ. ಕಾಗದದ ಮೇಲೆ ವೇಸ್ಟ್ ಸೊನ್ನೆ, ಶೆಡ್ಡಿನ ಮೂಲೆಯಲ್ಲಿ ದುಡ್ಡು ತುಕ್ಕು ಹಿಡಿಯುತ್ತಿರುತ್ತದೆ.

4. ಬರೆಯದ ಷರತ್ತೇ ಕೈಕೊಡುವುದು

“ಅದು ಎಲ್ಲರಿಗೂ ಗೊತ್ತಿರೋದೇ” ಎಂದು ಯಾರೂ ಬಾಯಿಬಿಡದ ಸಂಗತಿಯನ್ನು ಕಂಪ್ಯೂಟರ್‌ಗೆ ಯಾರೂ ಹೇಳಿರುವುದಿಲ್ಲ. ಬ್ಲೇಡಿನ ದಪ್ಪ ಅಂಥದ್ದು.

ಈ ಪೆಟ್ಟು ದೊಡ್ಡವರಿಗೂ ಬಿದ್ದಿದೆ. 1945ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 77 ಆಹಾರ ಪದಾರ್ಥ, 9 ಪೋಷಕಾಂಶ ಇಟ್ಟುಕೊಂಡು ಅತಿ ಅಗ್ಗದ ಊಟ ಹುಡುಕಿದರು. 1939ರ ದರದಲ್ಲಿ ವರ್ಷಕ್ಕೆ 39.93 ಡಾಲರ್ ಎಂದು ಅಂದಾಜು ಕಟ್ಟಿದರು. 1947ರಲ್ಲಿ ಗಣಿತಜ್ಞ ಜಾರ್ಜ್ ಡಾಂಟ್‌ಜಿಗ್ ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದಾಗ ಅದನ್ನು ಪರೀಕ್ಷಿಸಲು ಇದೇ ಲೆಕ್ಕ ತೆಗೆದುಕೊಂಡರು. ಒಂಬತ್ತು ಗುಮಾಸ್ತರು ಕೈಯಿಂದ ತಿರುಗಿಸುವ ಗಣಕಗಳ ಮುಂದೆ ಕೂತು, ಎಲ್ಲ ಸೇರಿ 120 ಆಳುದಿನ ದುಡಿದು ಕಂಡ ಉತ್ತರ 39.69 ಡಾಲರ್.

ಮುಂದೆ ಡಾಂಟ್‌ಜಿಗ್ ತಮ್ಮದೇ ತೂಕ ಇಳಿಸಲು ಇಂಥ ಮಾದರಿ ಕಟ್ಟಿದರು. ಕಂಪ್ಯೂಟರ್ ದಿನಕ್ಕೆ 500 ಗ್ಯಾಲನ್ ವಿನೆಗರ್ ಕುಡಿಯಲು ಹೇಳಿತು! ವಿನೆಗರನ್ನು ಪಟ್ಟಿಯಿಂದ ತೆಗೆದರು. ಮರುದಿನ ದಿನಕ್ಕೆ 200 ಸೂಪಿನ ಬಿಲ್ಲೆ ತಿನ್ನಲು ಹೇಳಿತು. ಉಪ್ಪಿಗೆ ಮಿತಿಯಿದೆ ಎಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ. ನಿಮ್ಮ ಮೊದಲ ಉತ್ತರವೂ ಹೀಗೇ ನಗೆಪಾಟಲಾಗಬಹುದು. ನಾಚಬೇಡಿ. ಆ ನಗುವಿನ ಹಿಂದೆ ನೀವು ಬಿಟ್ಟ ಷರತ್ತು ಕೂತಿದೆ, ಅದನ್ನು ಬರೆದುಕೊಂಡು ಮತ್ತೆ ಓಡಿಸಿ.

5. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದರಿಂದ ಶುರು ಮಾಡಿ

300 ಆರ್ಡರ್, 14 ಮಷಿನ್ ಇದ್ದರೆ ಮೊದಲು ಮೂರು ಆರ್ಡರ್, ಎರಡು ಮಷಿನ್ ತೆಗೆದುಕೊಳ್ಳಿ. ಪೆನ್ನಿನಲ್ಲೇ ಉತ್ತರ ಕಂಡುಹಿಡಿಯಿರಿ. ಪ್ರೋಗ್ರಾಂ ಅದೇ ಉತ್ತರ ಕೊಡುತ್ತದೆಯೇ ನೋಡಿ. ಆಮೇಲೆ ಹೋದ ತಿಂಗಳ ಮುಗಿದ ಆರ್ಡರ್ ಒಂದನ್ನು ಹಾಕಿ, ಆಗ ನಿಜವಾಗಿ ಎಷ್ಟು ಪೈಪು ಖರ್ಚಾಗಿತ್ತೋ ಅದರ ಜೊತೆ ಹೋಲಿಸಿ. ನಿನ್ನೆಯನ್ನು ಹೇಳಲಾರದ ಮಾದರಿ ನಾಳೆಯನ್ನು ಹೇಳೀತೇ?

ಅಳತೆಗಳ ಬಗ್ಗೆ ಎಚ್ಚರ. ಡ್ರಾಯಿಂಗ್ ಮಿಲಿಮೀಟರಿನಲ್ಲಿ, ಸ್ಟೋರಿನ ಪುಸ್ತಕ ಅಡಿಯಲ್ಲಿ, ಬಿಲ್ಲು ಕಿಲೋದಲ್ಲಿ ಇರುವುದು ಸಾಮಾನ್ಯ. ಎಲ್ಲವನ್ನೂ ಒಂದೇ ಅಳತೆಗೆ ತಂದು, ಶೀಟಿನ ಪ್ರತಿ ಕಾಲಮ್ಮಿನ ತಲೆಯ ಮೇಲೆ ಅದನ್ನು ಬರೆದಿಡಿ.

6. ಸಮಸ್ಯೆ ಯಾವ ಕುಲದ್ದು ಎಂದು ಗುರುತಿಸಿ

ಜ್ವರಕ್ಕೆ ಮುಲಾಮು ಹಚ್ಚಿದರೆ ಬಿಡುವುದಿಲ್ಲ. ಕಾರ್ಖಾನೆಯ ಬಹುಪಾಲು ಸಮಸ್ಯೆಗಳು ಕೆಲವೇ ಕುಲಕ್ಕೆ ಸೇರಿದವು, ಕುಲ ಗೊತ್ತಾದರೆ ಔಷಧಿ ಸಿದ್ಧವಿದೆ.

- *ಮಿಶ್ರಣ:* ಪಶು ಆಹಾರ, ಸಿಮೆಂಟ್, ಪೆಟ್ರೋಲ್. ಅರ್ಧ ಕಿಲೋ, ಕಾಲು ಕಿಲೋ ಆದರೂ ನಡೆಯುತ್ತದೆ. ಲೀನಿಯರ್ ಪ್ರೋಗ್ರಾಮಿಂಗ್ ಸಾಕು.
- *ಪೂರ್ಣ ಸಂಖ್ಯೆ:* ಎರಡೂವರೆ ಲಾರಿ ಕಳಿಸಲಾಗದು. 2.5 ಬಂತೆಂದು ಸುಮ್ಮನೆ 3 ಮಾಡಿದರೂ ಒಮ್ಮೊಮ್ಮೆ ತಪ್ಪಾಗುತ್ತದೆ. ಇಲ್ಲಿ ಇಂಟೀಜರ್ ಪ್ರೋಗ್ರಾಮಿಂಗ್ ಬೇಕು. ಕವಲೊಡೆದು, ಬರಡು ಕವಲನ್ನು ಕತ್ತರಿಸುತ್ತಾ ಹೋಗುವ ಅದರ ವಿಧಾನವನ್ನು 1960ರಲ್ಲಿ ಪ್ರಕಟಿಸಿದವರು ಐಲ್ಸಾ ಲ್ಯಾಂಡ್ ಮತ್ತು ಅಲಿಸನ್ ಡೋಯ್ಗ್ ಎಂಬ ಇಬ್ಬರು ಮಹಿಳೆಯರು.
- *ಕಟಿಂಗ್:* ಪೈಪು, ಕಾಗದದ ರೋಲು, ಬಟ್ಟೆ, ಗಾಜು. ಕೊಯ್ಯುವ ಮಾದರಿಗಳು ಲಕ್ಷಗಟ್ಟಲೆ ಇದ್ದರೂ ಎಲ್ಲವನ್ನೂ ಬರೆಯದೆ, ಬೇಕಾದಾಗ ಒಂದೊಂದನ್ನೇ ಹುಟ್ಟಿಸಿಕೊಳ್ಳುವ ಜಾಣತನವನ್ನು ಗಿಲ್ಮೋರ್ ಮತ್ತು ಗೊಮೊರಿ 1961ರಲ್ಲಿ ತೋರಿಸಿದರು.
- *ಸರದಿ:* ಯಾವ ಕೆಲಸ ಮೊದಲು, ಯಾವುದು ಆಮೇಲೆ. ಇದರ ರುಚಿ ಮುಂದಿನ ಸೂತ್ರದಲ್ಲಿದೆ.

ಸಾಧನಕ್ಕೆ ದುಡ್ಡು ಸುರಿಯಬೇಕಿಲ್ಲ. ಚಿಕ್ಕ ಲೆಕ್ಕಕ್ಕೆ ಎಕ್ಸೆಲ್‌ನಲ್ಲೇ ಸಾಲ್ವರ್ ಇದೆ. ಪೈಥಾನ್ ಬಲ್ಲವರಿಗೆ ಪಲ್ಪ್, ಹೈಸ್, ಓಆರ್-ಟೂಲ್ಸ್ ಪುಕ್ಕಟೆ. ಎನ್‌ಪಿಟಿಇಎಲ್‌ನಲ್ಲಿ ಆಪರೇಷನ್ಸ್ ರಿಸರ್ಚ್ ಪಾಠಗಳನ್ನು ಕಾಸಿಲ್ಲದೆ ಕೇಳಬಹುದು.

7. ಕಂಪ್ಯೂಟರ್ ಬೇಡದ ಸೂತ್ರಗಳೂ ಕೈಯಲ್ಲಿರಲಿ

ಶೆಡ್ಡಿನಲ್ಲಿ ಪ್ರತಿ ಕೆಲಸವೂ ಮೊದಲು ಕಟಿಂಗ್, ನಂತರ ವೆಲ್ಡಿಂಗ್ ದಾಟುತ್ತದೆ. ನಾಲ್ಕು ಕೆಲಸ ಬಂದಿವೆ. ಗೇಟು: ಕಟಿಂಗ್ 5 ಗಂಟೆ, ವೆಲ್ಡಿಂಗ್ 2. ಮೆಟ್ಟಿಲು: 6 ಮತ್ತು 3. ರ‍್ಯಾಕ್: 3 ಮತ್ತು 4. ಕಿಟಕಿ: 1 ಮತ್ತು 6. ಬಂದ ಸರದಿಯಲ್ಲೇ ಮಾಡಿದರೆ ಎಲ್ಲ ಮುಗಿಯಲು 24 ಗಂಟೆ ಬೇಕು. ಬೆಳಿಗ್ಗೆ ಐದು ಗಂಟೆ ಕಾಲ ವೆಲ್ಡರ್ ಕೈಕಟ್ಟಿ ಕೂತಿರುತ್ತಾರೆ, ಕೊನೆಗೆ ಕಟಿಂಗ್‌ನವರು ಮನೆಗೆ ಹೋದ ಮೇಲೂ ಕಿಟಕಿಯ ಕಿಡಿ ಹಾರುತ್ತಿರುತ್ತದೆ.

1954ರಲ್ಲಿ ಎಸ್. ಎಂ. ಜಾನ್ಸನ್ ಕೊಟ್ಟ ನಿಯಮ ಇಷ್ಟೇ: ಪಟ್ಟಿಯಲ್ಲಿ ಅತಿ ಚಿಕ್ಕ ಅಂಕಿ ಹುಡುಕಿ. ಅದು ಮೊದಲ ಮಷಿನ್‌ದಾದರೆ ಆ ಕೆಲಸ ಸಾಲಿನ ಮುಂದಕ್ಕೆ, ಎರಡನೆಯದರದ್ದಾದರೆ ಸಾಲಿನ ಹಿಂದಕ್ಕೆ. ಅದನ್ನು ಹೊಡೆದುಹಾಕಿ ಮುಂದಿನ ಚಿಕ್ಕ ಅಂಕಿಗೆ ಹೋಗಿ. ಇಲ್ಲಿ ಕಿಟಕಿ, ರ‍್ಯಾಕ್, ಮೆಟ್ಟಿಲು, ಗೇಟು ಎಂಬ ಸಾಲು ಬರುತ್ತದೆ. ಮುಗಿಯುವುದು 17 ಗಂಟೆಯಲ್ಲಿ. ಅದೇ ಜನ, ಅದೇ ಮಷಿನ್, ಏಳು ಗಂಟೆ ಉಳಿತಾಯ. ಸೀಮೆಸುಣ್ಣವೊಂದು ಸಾಕು.

8. ಮಷಿನ್‌ಗೆ ಉಸಿರಾಡಲು ಬಿಡಿ

“ಮಷಿನ್ ನಿಂತರೆ ನಷ್ಟ” ಎಂಬುದು ಎಲ್ಲ ಮಾಲೀಕರ ಮಂತ್ರ. ಆದರೆ ಕೆಲಸ ಅಡ್ಡಾದಿಡ್ಡಿ ಬರುವ, ಒಂದೊಂದು ಕೆಲಸ ಒಂದೊಂದು ಹೊತ್ತು ತಿನ್ನುವ ಕಡೆ ಸರದಿಯ ಗಣಿತ ಬೇರೆ ಮಾತು ಹೇಳುತ್ತದೆ. ಅತಿ ಸರಳ ಮಾದರಿಯಲ್ಲಿ, ಮಷಿನ್ ದುಡಿಯುವ ಪಾಲನ್ನು ಬಿಡುವಿನ ಪಾಲಿನಿಂದ ಭಾಗಿಸಿದರೆ ಅಲ್ಲಿ ಸರಾಸರಿ ಎಷ್ಟು ಕೆಲಸ ನಿಂತಿರುತ್ತದೆ ಎಂದು ಸಿಗುತ್ತದೆ. ಶೇ. 80 ದುಡಿಮೆಗೆ 4 ಕೆಲಸ. ಶೇ. 90ಕ್ಕೆ 9. ಶೇ. 95ಕ್ಕೆ 19. ಕೊನೆಯ ಐದು ಶೇಕಡಾ ಹಿಂಡಲು ಹೋಗಿ ಸಾಲು ಎರಡರಷ್ಟಾಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೊತೆಗೆ ಇನ್ನೊಂದು ಪುಟ್ಟ ಲೆಕ್ಕ. 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ್ದು: ಒಳಗಿರುವ ಕೆಲಸವನ್ನು ದಿನಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ ಒಂದು ಕೆಲಸ ಒಳಗೆ ಕಳೆಯುವ ದಿನ ಸಿಗುತ್ತದೆ. ಶೆಡ್ಡಿನಲ್ಲಿ 60 ಕೆಲಸ ಬಿದ್ದಿದ್ದು, ದಿನಕ್ಕೆ 12 ಹೊರಗೆ ಹೋಗುತ್ತಿದ್ದರೆ, ಇಂದು ಬಂದ ಗಿರಾಕಿಗೆ “ನಾಡಿದ್ದು ಕೊಡ್ತೀವಿ” ಎನ್ನಬೇಡಿ. ಸರಾಸರಿ ಐದು ದಿನ.

9. ಪ್ರತಿ ಷರತ್ತಿನ ಬೆಲೆ ಕೇಳಿ

ಈಗ ಆ ನಾಲ್ಕು ಪೈಪಿಗೆ ಬರೋಣ. ಬ್ಲೇಡಿನ 3 ಮಿಲಿಮೀಟರ್ ಸೇರಿಸಿ ಮತ್ತೆ ಲೆಕ್ಕ ಓಡಿಸಿದೆ. ಉತ್ತರ 24. ಶೆಡ್ಡಿನ ರೂಢಿಯೇ ಗೆದ್ದಿತ್ತು. ಅಲ್ಲಿಗೆ ಬಿಟ್ಟಿದ್ದರೆ ಲ್ಯಾಪ್‌ಟಾಪ್ ತಂದಿದ್ದೇ ದಂಡ.

ಮಾದರಿಯನ್ನು ಇನ್ನೊಂದು ಪ್ರಶ್ನೆ ಕೇಳಬಹುದು: ಯಾವ ಷರತ್ತನ್ನು ಒಂದಿಷ್ಟು ಸಡಿಲಿಸಿದರೆ ಎಷ್ಟು ಲಾಭ? ಇದಕ್ಕೆ ನೆರಳು ಬೆಲೆ ಎನ್ನುತ್ತಾರೆ. ಪೈಪಿನ ಉದ್ದ ನಮ್ಮ ಕೈಯಲ್ಲಿಲ್ಲ. ಬ್ಲೇಡಿನ ದಪ್ಪವೂ ಇಲ್ಲ. ಕಂಬದ ಎತ್ತರ ಗೋದಾಮಿನ ಛಾವಣಿಗೆ ಕಟ್ಟುಬಿದ್ದದ್ದು. ಅಡ್ಡಪಟ್ಟಿ? ಅದನ್ನು 5 ಮಿಲಿಮೀಟರ್ ಕಡಿಮೆ ಮಾಡಿ 1,695ಕ್ಕೆ ಇಳಿಸಿದರೆ 2,600 + 1,695 + 1,695 = 5,990. ಈಗ ತುದಿಯ ಚೂರು ಕೊಯ್ಯುವುದೂ ಸೇರಿ ಮೂರು ಕೊಯ್ತಕ್ಕೆ 9. ಒಟ್ಟು 5,999. ಒಂದು ಮಿಲಿಮೀಟರ್ ಬಾಕಿ!

ಗಿರಾಕಿಗೆ ಫೋನ್ ಮಾಡಿದೆವು. “ಅಯ್ಯೋ, ಎಲ್ಲ ಪಟ್ಟಿನೂ ಒಂದೇ ಅಳತೆ ಇದ್ರೆ ಸಾಕು ಕಣ್ರೀ. 1,700 ಅಂತ ಸುಮ್ನೆ ರೌಂಡಾಗಿ ಬರೆದಿದ್ದು” ಅಂದರು. 24 ಪೈಪು 20ಕ್ಕೆ ಇಳಿಯಿತು. ಆ ಪೈಪು ಉಳಿಸಿದ್ದು ಒಂದು ಫೋನ್ ಕರೆ. ಯಾರಿಗೆ ಫೋನ್ ಮಾಡಬೇಕು, ಎಷ್ಟು ಮಿಲಿಮೀಟರ್ ಕೇಳಬೇಕು ಎಂದು ತೋರಿಸಿಕೊಟ್ಟದ್ದು ಲೆಕ್ಕ. ಮಾದರಿಯಿಂದ ಉತ್ತರವನ್ನಷ್ಟೇ ಪಡೆದು ಎದ್ದುಹೋಗುವವರು ಅದರ ಅರ್ಧ ಬೆಲೆಯನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತಾರೆ.

10. ನೂರಕ್ಕೆ ನೂರರ ಹಟ ಬಿಡಿ

ಒಂದು ವ್ಯಾನು ಹೊರಟ ಜಾಗವೂ ಸೇರಿ 10 ಕಡೆ ಸುತ್ತಿ ವಾಪಸ್ ಬರಲು, ಹಿಂದುಮುಂದಾದ ಸುತ್ತನ್ನು ಒಂದೇ ಎಂದು ಎಣಿಸಿದರೂ, 1,81,440 ದಾರಿಗಳಿವೆ. 20 ಕಡೆ ಎಂದರೆ 6ರ ಮುಂದೆ 16 ಸೊನ್ನೆ ಹಾಕಿದಷ್ಟು. ಒಂದೊಂದನ್ನೇ ನೋಡುತ್ತಾ ಕೂತರೆ ಡೆಲಿವರಿ ಮೊಮ್ಮಕ್ಕಳ ಕಾಲಕ್ಕೆ. ಒಳ್ಳೆಯ ಸಾಲ್ವರ್ “ಈ ಉತ್ತರ ಅತ್ಯುತ್ತಮಕ್ಕಿಂತ ಶೇ. 2ಕ್ಕಿಂತ ಹೆಚ್ಚು ಹಿಂದಿಲ್ಲ” ಎಂದು ಜಾಮೀನು ಕೊಟ್ಟರೆ ಅಲ್ಲಿಗೆ ನಿಲ್ಲಿಸಿ, ವ್ಯಾನ್ ಹೊರಡಿಸಿ. ತೀರಾ ದೊಡ್ಡ ಸಮಸ್ಯೆಗೆ 1983ರಿಂದ ಬಳಕೆಗೆ ಬಂದ ಸಿಮ್ಯುಲೇಟೆಡ್ ಅನೀಲಿಂಗ್‌ನಂಥ ಉಪಾಯಗಳಿವೆ. ಲೋಹವನ್ನು ಕಾಯಿಸಿ ನಿಧಾನವಾಗಿ ತಣಿಸಿ ಹದ ಮಾಡುವ ಕ್ರಮದಿಂದಲೇ ಆ ಹೆಸರು ಬಂತು.

ಕೆಲವು ಅಂಕಿಗಳಂತೂ ಅಂದಾಜಿದ್ದರೂ ಸಾಕು. ಒಮ್ಮೆಗೆ ಎಷ್ಟು ಮಾಲು ತರಿಸಬೇಕು ಎಂಬ ಸೂತ್ರವನ್ನು 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟರು. ವರ್ಷಕ್ಕೆ 1,200 ಪೈಪು, ಪ್ರತಿ ಸಲ ತರಿಸಲು 500 ರೂಪಾಯಿ, ಒಂದು ಪೈಪು ವರ್ಷವಿಡೀ ಇಟ್ಟುಕೊಳ್ಳಲು 30 ರೂಪಾಯಿ ಎಂದಿಟ್ಟುಕೊಂಡರೆ ಒಮ್ಮೆಗೆ 200 ತರಿಸುವುದು ಉತ್ತಮ. ವರ್ಷದ ಖರ್ಚು 6,000. ಬದಲಿಗೆ 300 ತರಿಸಿದರೆ 6,500. ಒಂದೂವರೆ ಪಟ್ಟು ತಪ್ಪಿದರೂ ಖರ್ಚು ಏರಿದ್ದು ಶೇ. 8ರಷ್ಟು. ಇಂಥ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ಪೈಪಿನ ಅಳತೆಯಲ್ಲಿ 6 ಮಿಲಿಮೀಟರ್ ತಪ್ಪಿದ್ದಕ್ಕೆ ಎಲ್ಲ ಉಳಿತಾಯವೂ ಹೋಗಿತ್ತು. ಪ್ರತಿ ಅಂಕಿಯನ್ನೂ ಸ್ವಲ್ಪ ಆಚೀಚೆ ಅಲುಗಿಸಿ. ಯಾವುದು ಅಲುಗಿದರೆ ಉತ್ತರ ನಡುಗುತ್ತದೋ ಆ ಅಂಕಿಯ ಬೆನ್ನು ಹತ್ತಿ.

11. ಉತ್ತರ ಒಂದು ಚೀಟಿಯಲ್ಲಿ ಹಿಡಿಯಲಿ

37 ಬಗೆಯ ಕೊಯ್ತ ಹೇಳಿ ಒಂದು ಪೈಪು ಉಳಿಸುವ ಉತ್ತರಕ್ಕಿಂತ, ಐದು ಬಗೆಯಲ್ಲಿ ಮುಗಿಯುವ ಉತ್ತರ ಮೇಲು. ಪ್ರತಿ ಬಗೆಗೂ ಸ್ಟಾಪರ್ ಬದಲಿಸಬೇಕು, ಪ್ರತಿ ಬದಲಾವಣೆಯೂ ತಪ್ಪಿಗೆ ಬಾಗಿಲು. “ಬಗೆಗಳು ಐದಕ್ಕಿಂತ ಹೆಚ್ಚು ಬೇಡ” ಎಂಬುದನ್ನೇ ಒಂದು ಷರತ್ತಾಗಿ ಸೇರಿಸಿ. ಚೀಟಿಯಲ್ಲಿ ಸಮೀಕರಣ ಬೇಡ. ಪೈಪಿನ ಚಿತ್ರ, ಅಳತೆ, ಎಷ್ಟು ಸಲ, ಇಷ್ಟು ಸಾಕು.

ಚೀಟಿಯ ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ, ಜೊತೆಗೊಂದು ಪೆನ್ನು ಕೊಡಿ. ನಮ್ಮ ಶೆಡ್ಡಿನಲ್ಲಿ ಆ ಖಾಲಿ ಜಾಗ ಬಹಳ ದಿನ ಖಾಲಿಯೇ ಇತ್ತು. ಒಂದು ಸಂಜೆ ವಾಪಸ್ ಬಂದ ಚೀಟಿಯಲ್ಲಿ ನಾನು ಅಚ್ಚು ಹಾಕಿಸಿದ್ದ “ಬ್ಲೇಡು: 3 ಮಿಮೀ” ಎಂಬುದಕ್ಕೆ ಗೀಟು ಬಿದ್ದಿತ್ತು. ಕೆಳಗೆ ಎಣ್ಣೆ ಬೆರಳಿನ ಗುರುತಿನ ಪಕ್ಕ ಅದೇ ಹಿರಿಯರ ಅಕ್ಷರ: “ಹೊಸ ಬ್ಲೇಡು ತೆಳ್ಳಗಿದೆ. 2.5 ಹಾಕಿ.”